ಇಡುಗಂಟು ಕರಗದಂತೆ ದಾನ: ಊರಿಗೊಂದು ದತ್ತಿನಿಧಿ ಕಟ್ಟುವ ಬಗೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ತಿಕೋಟಾದ ಒಣದ್ರಾಕ್ಷಿ, ಮುಧೋಳ ಜಮಖಂಡಿಯ ಸಕ್ಕರೆ, ಇಳಕಲ್ಲಿನ ಗ್ರಾನೈಟ್, ಅಡತಿ ಅಂಗಡಿ, ಶೇರುಪೇಟೆ: ಗಳಿಕೆಯ ದಾರಿ ಯಾವುದೇ ಇರಲಿ, ನಾಲ್ಕು ಕಾಸು ಕೈಯಲ್ಲಿ ಉಳಿದ ಮೇಲೆ ಊರಿಗೆ ಏನಾದರೂ ಮಾಡಬೇಕು ಅನ್ನುವ ಮನಸ್ಸು ಈ ಭಾಗದ ಸಾಹುಕಾರರಲ್ಲಿ ಮೊದಲಿನಿಂದಲೂ ಇದೆ. ಸಿರಸಂಗಿ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡಾಗ ಮೃತ್ಯುಪತ್ರದಲ್ಲಿ ಬಿಟ್ಟ ಆಸ್ತಿ ನವಲಗುಂದ-ಸಿರಸಂಗಿ ಟ್ರಸ್ಟ್ ಆಗಿ ತಲೆಮಾರುಗಳ ಮಕ್ಕಳಿಗೆ ಓದಿಗೆ ಆಸರೆಯಾಯಿತು. ಬೆಳಗಾವಿಯಲ್ಲಿ 1933ರಲ್ಲಿ ಶುರುವಾದ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆಗೆ ಅಡಿಪಾಯ ಹಾಕಿದರು, ಸಹಕಾರಿ ಬ್ಯಾಂಕನ್ನೂ ಕಟ್ಟಿದರು. ದುಡ್ಡನ್ನು ದುಡಿಸುವುದು, ದುಡಿದದ್ದನ್ನು ಹಂಚುವುದು, ಎರಡೂ ಒಂದೇ ಕೈಯ ಕೆಲಸ ಎಂದು ಅವರಿಗೆ ಗೊತ್ತಿತ್ತು.

ಇಂದು ದಾನ ಮಾಡುವ ಬಹಳ ಜನ ಇಲ್ಲೇ ಎಡವುತ್ತಾರೆ. ಧಂದೆಯಲ್ಲಿ ಒಂದು ರೂಪಾಯಿ ಹಾಕುವಾಗ ಹತ್ತು ಲೆಕ್ಕ ನೋಡುವವರು, ದಾನದಲ್ಲಿ ಒಂದು ಲೆಕ್ಕವನ್ನೂ ನೋಡುವುದಿಲ್ಲ. ಹದಿನೈದು ವರ್ಷಕ್ಕೆ ನಿಧಿ ಹೆಸರಿಗೆ ಮಾತ್ರ ಉಳಿದಿರುತ್ತದೆ. ಅದು ಹಾಗಾಗದಂತೆ ಮೊದಲಿನಿಂದ ಏನೇನು ಮಾಡಬೇಕು ಅನ್ನುವುದು ಕೆಳಗಿದೆ.

ಯಾವ ದುಡ್ಡು ಕೊಡಬಹುದು

ಮೊದಲು ಆಸ್ತಿಯನ್ನು ಎರಡು ಪಾಲು ಮಾಡಿ ಬರೆಯಿರಿ: ಸ್ವಯಾರ್ಜಿತ ಮತ್ತು ಪಿತ್ರಾರ್ಜಿತ. ನೀವೇ ಗಳಿಸಿದ್ದನ್ನು ನಿಮ್ಮ ಇಷ್ಟದಂತೆ ಕೊಡಬಹುದು. ಅವಿಭಕ್ತ ಕುಟುಂಬದ ಆಸ್ತಿಯನ್ನು ಮನೆಯ ಯಜಮಾನನೇ ಆದರೂ ತನ್ನ ಮನಸ್ಸಿಗೆ ಬಂದಷ್ಟು ದಾನ ಬರೆಯಲು ಬರುವುದಿಲ್ಲ. ಧರ್ಮಕಾರ್ಯಕ್ಕೆ ಸಣ್ಣ ಪಾಲು ಮಾತ್ರ. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲಿದೆ. ವಾಟ್ನಿ (ಮನೆಯವರಲ್ಲಿ ಪಾಲು) ಆಗದ ಹೊಲವನ್ನು ಶಾಲೆಗೆ ಬರೆದುಕೊಟ್ಟು, ಹತ್ತು ವರ್ಷದ ಮೇಲೆ ಮಗಳೋ ತಮ್ಮನ ಮಗನೋ ದಾವೆ ಹೂಡಿ, ಕಟ್ಟಡ ಅರ್ಧಕ್ಕೆ ನಿಂತದ್ದು ಅಪರೂಪದ ಸಂಗತಿಯಲ್ಲ. ವಾಟ್ನಿ ಆಗಿ, ಉತಾರದಲ್ಲಿ (ಪಹಣಿಯಲ್ಲಿ) ನಿಮ್ಮ ಒಬ್ಬರದೇ ಹೆಸರು ಬಂದ ಮೇಲೆ ಕೊಡಿ. ಸ್ವಯಾರ್ಜಿತವೇ ಆದರೂ ಮನೆಯವರಿಗೆಲ್ಲ ಮುಂಚೆಯೇ ತಿಳಿಸಿ. ಆಮೇಲೆ ಗೊತ್ತಾದರೆ ಒಳ್ಳೆಯ ಕೆಲಸವೂ ಮುಚ್ಚಿಟ್ಟ ಕೆಲಸದಂತೆ ಕಾಣುತ್ತದೆ.

ಬಾಗಲಕೋಟೆ, ವಿಜಯಪುರ ಜಿಲ್ಲೆಯ ನದಿ ದಂಡೆಯ ಜಮೀನಾದರೆ ಇನ್ನೊಂದು ಪರೀಕ್ಷೆ ಬೇಕು. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯ ಭೂಸ್ವಾಧೀನದಲ್ಲಿ ಆ ಸರ್ವೆ ನಂಬರು ಬಂದಿದೆಯೇ ಎಂದು ಸ್ವಾಧೀನಾಧಿಕಾರಿ ಕಚೇರಿಯಲ್ಲಿ ನೋಡಿಕೊಳ್ಳಿ. ಮುಳುಗುವ ಹೊಲದಲ್ಲಿ ದವಾಖಾನೆ ಕಟ್ಟಿ ಉಪಯೋಗವಿಲ್ಲ.

ಧಂದೆಗೆ ಬೇಕಾದ ಓಡಾಟದ ಬಂಡವಾಳವನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಕಬ್ಬು ನುರಿಸುವ ಹಂಗಾಮಿನಲ್ಲೋ ಹತ್ತಿ ಖರೀದಿಯಲ್ಲೋ ದುಡ್ಡು ಬಿಗಿಯಾದಾಗ ಟ್ರಸ್ಟಿನ ಠೇವಣಿಯ ಕಡೆ ಕಣ್ಣು ಹೋಗುತ್ತದೆ. ಸ್ಥಾಪಕರ ಕಾರ್ಖಾನೆಗೆ ಟ್ರಸ್ಟಿನಿಂದ ಬಡ್ಡಿಯಿಲ್ಲದ ಕೈಗಡ, ಮಗನಿಗೆ ಕೆಲಸವಿಲ್ಲದ ಪಗಾರ, ಸ್ವಂತ ಕಟ್ಟಡಕ್ಕೆ ಪೇಟೆಗಿಂತ ಹೆಚ್ಚು ಬಾಡಿಗೆ: ಇವುಗಳಲ್ಲಿ ಯಾವುದು ಸಿಕ್ಕಿಬಿದ್ದರೂ ಟ್ರಸ್ಟಿನ ತೆರಿಗೆ ವಿನಾಯಿತಿಗೆ ಪೆಟ್ಟು ಬೀಳುತ್ತದೆ.

ಸ್ವಂತ ಟ್ರಸ್ಟ್ ಬೇಕೇ

ಇಪ್ಪತ್ತೈದು ಲಕ್ಷಕ್ಕಿಂತ ಕಡಿಮೆ ಮೊತ್ತಕ್ಕೆ ಸ್ವಂತ ಟ್ರಸ್ಟ್ ಬೇಡ ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಹತ್ತು ಲಕ್ಷ ಇಟ್ಟರೆ ನೂರಕ್ಕೆ ಏಳರಂತೆ ವರ್ಷಕ್ಕೆ 70,000 ರೂಪಾಯಿ ಬರುತ್ತದೆ. ಆಡಿಟರ್ ಶುಲ್ಕ, ರಿಟರ್ನ್, ಕಾಗದಪತ್ರ ಸೇರಿ 40,000 ಹೋಯಿತೆನ್ನಿ, ಮಕ್ಕಳಿಗೆ ಸಿಗುವುದು 30,000. ಅದೇ ಹತ್ತು ಲಕ್ಷವನ್ನು ಒಳ್ಳೆಯ ಲೆಕ್ಕ ಇಡುವ ಕಾಲೇಜಿಗೋ ವಿಶ್ವವಿದ್ಯಾಲಯಕ್ಕೋ ದತ್ತಿಯಾಗಿ ಕೊಟ್ಟರೆ ಪೂರ್ತಿ ಬಡ್ಡಿ ಮಕ್ಕಳ ಕೈಗೆ.

ಆದರೆ ದತ್ತಿಗೂ ಕರಾರು ಬೇಕು. ಮೂರು ಮಾತು ಬರಹದಲ್ಲಿರಲಿ: ಮೂಲಧನ ಯಾವ ಬ್ಯಾಂಕಿನಲ್ಲಿ ಯಾವ ಹೆಸರಿನಲ್ಲಿ ಇರಬೇಕು; ಪ್ರತಿ ವರ್ಷ ಯಾವ ತಿಂಗಳು ಪಡೆದವರ ಪಟ್ಟಿ ಮತ್ತು ಬಡ್ಡಿಯ ಲೆಕ್ಕ ದಾನಿಗೆ ಬರಬೇಕು; ಬಡ್ಡಿ ಸಾಲದಾದಾಗ ಬಹುಮಾನದ ಸ್ವರೂಪ ಬದಲಿಸುವ ಅಧಿಕಾರ ಯಾರದು. ಮೂರನೆಯದನ್ನು ಬರೆಯದೇ ಇಟ್ಟ ಹಳೆಯ ಚಿನ್ನದ ಪದಕಗಳ ಪಾಡು ನೋಡಿ. ಹತ್ತು ಸಾವಿರ ಇಟ್ಟ ದತ್ತಿಯ ಬಡ್ಡಿ ಈಗ ಏಳುನೂರು ರೂಪಾಯಿ. ಅದರಲ್ಲಿ ಚಿನ್ನ ಹೋಗಲಿ, ಪದಕದ ಡಬ್ಬಿಯೂ ಕಷ್ಟ.

ಟ್ರಸ್ಟ್ ಡೀಡ್

ಮೊತ್ತ ದೊಡ್ಡದಿದ್ದರೆ ಟ್ರಸ್ಟ್ ಮಾಡಿ. ಏಳು ಜನ ಸೇರಿ ಮಾಡುವ ಸಂಘವೂ ಆಗುತ್ತದೆ; ಅದಕ್ಕೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಇದೆ. ಆದರೆ ಸಂಘದಲ್ಲಿ ಸದಸ್ಯತ್ವ, ಚುನಾವಣೆ ಬರುತ್ತದೆ, ನಾಳೆ ಬಹುಮತ ಇದ್ದವರ ಕೈಗೆ ಹಣ ಹೋಗುತ್ತದೆ. ಒಬ್ಬರ ಹಣದ ನಿಧಿಗೆ ಟ್ರಸ್ಟೇ ಸರಿ.

ಡೀಡ್, ಅಂದರೆ ಟ್ರಸ್ಟ್ ಸ್ಥಾಪಿಸುವ ದಸ್ತಾವೇಜು, ಬರೆಸುವಾಗ ಕಂಪ್ಯೂಟರಿನಲ್ಲಿರುವ ಹಳೆಯ ನಮೂನೆಗೆ ಹೆಸರು ತುಂಬಿ ಕೊಡುವವರ ಬಳಿ ಹೋಗಬೇಡಿ. ಟ್ರಸ್ಟಿಗಳು ಐದು ಅಥವಾ ಏಳು, ಬೆಸ ಸಂಖ್ಯೆ. ಮನೆಯವರು ಇಬ್ಬರಿಗಿಂತ ಹೆಚ್ಚು ಬೇಡ. ಉಳಿದವರಲ್ಲಿ ಒಬ್ಬರು ಶಿಕ್ಷಕರು, ಒಬ್ಬರು ಲೆಕ್ಕ ಬಲ್ಲವರು, ಒಬ್ಬರಾದರೂ ಮಹಿಳೆ ಇರಲಿ. ಟ್ರಸ್ಟಿ ತೀರಿಕೊಂಡರೆ ಅಥವಾ ಬಿಟ್ಟರೆ ಹೊಸಬರನ್ನು ಯಾರು, ಎಷ್ಟು ದಿನದೊಳಗೆ ಆರಿಸಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಹಣ ಹಿಂದಕ್ಕೆ ಪಡೆಯಲಾಗದು ಎಂಬ ಮಾತು, ಟ್ರಸ್ಟ್ ಮುಚ್ಚಿದರೆ ಆಸ್ತಿ ಇಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೇ ಹೋಗಬೇಕು ಎಂಬ ಮಾತು ಇರಲೇಬೇಕು. ಚೆಕ್ಕಿಗೆ ಇಬ್ಬರ ಸಹಿ, ಇಬ್ಬರೂ ಒಂದೇ ಮನೆಯವರಾಗಿರಬಾರದು.

ಉದ್ದೇಶ ಬರೆಯುವಾಗ ಈ ಭಾಗದಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ‘ನಮ್ಮ ಸಮಾಜದ ಮಕ್ಕಳಿಗೆ’ ಎಂದು ಒಂದು ಜಾತಿ ಅಥವಾ ಧರ್ಮದ ಹೆಸರು ಹಾಕಿದರೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಲಿಂಗರಾಜರ ಕಾಲದ ನಿಧಿಗಳು ಸಮಾಜದ ಹೆಸರಿನಲ್ಲಿ ಇದ್ದವು. ಆದರೆ 1961ರ ಆದಾಯ ತೆರಿಗೆ ಕಾಯ್ದೆ ಬಂದ ಮೇಲೆ ಹುಟ್ಟಿದ ಟ್ರಸ್ಟುಗಳಿಗೆ ಆ ದಾರಿ ಇಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳು ಎಂದು ಬರೆದರೆ ಅಡ್ಡಿಯಿಲ್ಲ. ‘ವಿಜಯಪುರ ಜಿಲ್ಲೆಯ ಬಡ ಕುಟುಂಬದ ವಿದ್ಯಾರ್ಥಿಗಳು’ ಎನ್ನುವುದು ಎಲ್ಲಕ್ಕಿಂತ ಸುರಕ್ಷಿತ.

ಡೀಡನ್ನು ನೋಂದಣಿ ಇಲಾಖೆಯ ಆನ್‌ಲೈನ್ ತಾಣ ಕಾವೇರಿ 2.0ರಲ್ಲಿ ಅರ್ಜಿ ಹಾಕಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಇಬ್ಬರು ಸಾಕ್ಷಿಗಳೊಂದಿಗೆ ನೋಂದಾಯಿಸಿ. ಮೊದಲಿಗೆ ಸಣ್ಣ ನಗದು ಮೊತ್ತದಿಂದ ಟ್ರಸ್ಟ್ ಹುಟ್ಟಲಿ, ದೊಡ್ಡ ಹಣ ಆಮೇಲೆ ಬ್ಯಾಂಕಿನ ಮೂಲಕ ಬರಲಿ. ಮೊದಲ ದಿನವೇ ಕಟ್ಟಡ, ನಿವೇಶನ ಸೇರಿಸಿದರೆ ಮುದ್ರಾಂಕ ಶುಲ್ಕದ ಲೆಕ್ಕವೇ ಬೇರೆಯಾಗುತ್ತದೆ. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ಕೊನೆಗೆ ತೆರಿಗೆ ಇಲಾಖೆಯ ನೋಂದಣಿ.

ತೆರಿಗೆಯ ಮಾತು

2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನ 2026ರ ಏಪ್ರಿಲ್ 1; ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ. ಜನರ ಬಾಯಲ್ಲಿರುವುದು 12ಎ, 80ಜಿ ಎಂಬ ಹಳೆಯ ಹೆಸರುಗಳೇ, ಇಲ್ಲೂ ಅವನ್ನೇ ಬಳಸಿದೆ. 12ಎ ಎಂದರೆ ಟ್ರಸ್ಟಿನ ಆದಾಯಕ್ಕೆ ವಿನಾಯಿತಿ, 80ಜಿ ಎಂದರೆ ದಾನಿಗೆ ರಿಯಾಯಿತಿ. ಹೊಸ ಟ್ರಸ್ಟಿಗೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತದೆ. ಆಮೇಲೆ ನಿಯಮಿತ ನೋಂದಣಿಗೆ ಮತ್ತೆ ಅರ್ಜಿ ಹಾಕಬೇಕು: ಕೆಲಸ ಶುರು ಮಾಡಿದ ಆರು ತಿಂಗಳೊಳಗೆ ಅಥವಾ ಅವಧಿ ಮುಗಿಯುವ ಆರು ತಿಂಗಳ ಮೊದಲೇ, ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದರೊಳಗೆ. ಇದನ್ನು ಮರೆತವರೇ ಹೆಚ್ಚು. ನೋಂದಣಿ ಕೈತಪ್ಪಿದರೆ ಆ ವರ್ಷದ ಬಡ್ಡಿಗಷ್ಟೇ ಅಲ್ಲ, ಟ್ರಸ್ಟಿನ ಒಟ್ಟು ನಿವ್ವಳ ಆಸ್ತಿಯ ಮೇಲೂ ಗರಿಷ್ಠ ದರದಲ್ಲಿ ತೆರಿಗೆ ಬೀಳಬಹುದು. ಇಡುಗಂಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಂದು ಮರೆವಿನಿಂದ ಹೋಗುತ್ತದೆ.

ದಾನಿಯ ಲೆಕ್ಕ ಹೀಗಿದೆ. 80ಜಿ ಇರುವ ಸಾಮಾನ್ಯ ಟ್ರಸ್ಟಿಗೆ ಕೊಟ್ಟರೆ ಅರ್ಧದಷ್ಟು ಮೊತ್ತ ಆದಾಯದಿಂದ ಕಳೆಯಬಹುದು, ಆದರೆ ಲೆಕ್ಕಕ್ಕೆ ಬರುವ ದಾನ ಒಟ್ಟು ಆದಾಯದ ಶೇ. 10 ಮೀರುವಂತಿಲ್ಲ. ವರ್ಷಕ್ಕೆ 80 ಲಕ್ಷ ಆದಾಯ ಇರುವವರು ಒಂದೇ ವರ್ಷ 20 ಲಕ್ಷ ಕೊಟ್ಟರೆ ಲೆಕ್ಕಕ್ಕೆ ಬರುವುದು 8 ಲಕ್ಷ, ಕಳೆಯುವುದು 4 ಲಕ್ಷ. ಅದನ್ನೇ 8, 8, 4 ಎಂದು ಮೂರು ವರ್ಷಕ್ಕೆ ಹಂಚಿದರೆ ಕಳೆಯುವುದು ಒಟ್ಟು 10 ಲಕ್ಷ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ರಿಯಾಯಿತಿ ಇಲ್ಲವೇ ಇಲ್ಲ, ಆದ್ದರಿಂದ ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ ನೋಡಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ರಿಯಾಯಿತಿ ಸಿಗದು. ಹೊಲ, ಕಟ್ಟಡ, ಶೇರು ಹೀಗೆ ವಸ್ತುರೂಪದಲ್ಲಿ ಕೊಟ್ಟದ್ದಕ್ಕೂ ಇಲ್ಲ.

ಶೇರುಗಳನ್ನೇ ಕೊಡುವ ಹೂಡಿಕೆದಾರರು ಇನ್ನೊಂದು ತಿಳಿದಿರಬೇಕು. ಟ್ರಸ್ಟ್ ಆ ಶೇರುಗಳನ್ನು ಇಟ್ಟುಕೊಂಡು ಕೂರುವಂತಿಲ್ಲ, ಪಡೆದ ಹಣಕಾಸು ವರ್ಷ ಮುಗಿದು ಒಂದು ವರ್ಷದೊಳಗೆ ಮಾರಿ ಕಾನೂನು ಒಪ್ಪುವ ಹೂಡಿಕೆಗೆ ತರಬೇಕು. ಅಪ್ಪ ಕೊಂಡ ಶೇರು ಎಂಬ ಮಮತೆಗೆ ಇಲ್ಲಿ ಜಾಗವಿಲ್ಲ.

ಕೊಡುವಾಗ ಜೊತೆಗೆ ಒಂದು ಪತ್ರ ಬರೆಯಿರಿ: ‘ಈ ಮೊತ್ತ ಮೂಲಧನಕ್ಕೆ.’ ಆ ಒಂದು ಸಾಲು ಇಲ್ಲದಿದ್ದರೆ ನೀವು ಕೊಟ್ಟ ಒಂದು ಕೋಟಿಯೂ ಆ ವರ್ಷದ ಆದಾಯ ಎನಿಸಿಕೊಳ್ಳುತ್ತದೆ, ಆದಾಯದ ಶೇ. 85 ಖರ್ಚಾಗಬೇಕೆಂಬ ನಿಯಮದಿಂದ ಅದರಲ್ಲಿ 85 ಲಕ್ಷವನ್ನು ಖರ್ಚು ಮಾಡಬೇಕಾದ ಇಕ್ಕಟ್ಟು ಬರುತ್ತದೆ.

ಒಂದು ಕೋಟಿಯ ಲೆಕ್ಕ

ಒಂದು ಕೋಟಿ ಶೇ. 7ರಲ್ಲಿ ವರ್ಷಕ್ಕೆ 7 ಲಕ್ಷ ತರುತ್ತದೆ. ಟ್ರಸ್ಟ್ ಆದಾಯದ ಶೇ. 85 ಅನ್ನು ಖರ್ಚು ಮಾಡಬೇಕು, ಅಂದರೆ 5,95,000. ಅದರಲ್ಲಿ ಕಚೇರಿ, ಆಡಿಟ್ ಖರ್ಚು 45,000 ಹೋದರೆ 5,50,000 ಉಳಿಯಿತು: ತಲಾ 25,000ದಂತೆ 22 ಮಕ್ಕಳಿಗೆ. ಉಳಿದ ಶೇ. 15, ಅಂದರೆ 1,05,000 ಮೂಲಧನಕ್ಕೆ ಸೇರಿಸಬಹುದು.

ಈಗ ಬೆಲೆ ಏರಿಕೆ ವರ್ಷಕ್ಕೆ ಶೇ. 5 ಎಂದುಕೊಳ್ಳಿ. ಹದಿನಾಲ್ಕು ವರ್ಷದಲ್ಲಿ ರೂಪಾಯಿಯ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಆ ಶೇ. 15 ಅನ್ನು ತಪ್ಪದೆ ಸೇರಿಸುತ್ತ ಬಂದರೂ ನಿಮ್ಮ ಒಂದು ಕೋಟಿ ಆಗ ಸುಮಾರು 1.16 ಕೋಟಿ, ಆದರೆ ಅದರ ಕೊಳ್ಳುವ ಶಕ್ತಿ ಇಂದಿನ 58 ಲಕ್ಷದಷ್ಟು. ಸೇರಿಸದೇ ಇದ್ದರೆ 50 ಲಕ್ಷ. 22 ಮಕ್ಕಳು ಹನ್ನೊಂದಾದರು. ದತ್ತಿಗಳು ಸಾಯುವುದು ಕಳ್ಳತನದಿಂದ ಕಡಿಮೆ, ಹೀಗೆ ಸದ್ದಿಲ್ಲದೆ ಸಾಯುವುದೇ ಹೆಚ್ಚು.

ಇದಕ್ಕೆ ಎರಡು ಮದ್ದು. ಒಂದು, ದಾನಿ ಬದುಕಿರುವವರೆಗೆ ಪ್ರತಿ ವರ್ಷ ನಾಲ್ಕು ಲಕ್ಷದಷ್ಟು ಮೂಲಧನಕ್ಕೆ ಸೇರಿಸುವುದು. ಬೆಲೆ ಏರಿಕೆ ತಿನ್ನುವ 5 ಲಕ್ಷದಲ್ಲಿ 1.05 ಲಕ್ಷ ಟ್ರಸ್ಟೇ ಉಳಿಸುತ್ತದೆ, ಉಳಿದದ್ದು ನಿಮ್ಮದು. ಎರಡು, ಮೂಲಧನದ ಕಾಲು ಭಾಗವನ್ನು ಮ್ಯೂಚುವಲ್ ಫಂಡಿನ ಗ್ರೋತ್ ಆಯ್ಕೆಯಲ್ಲಿ (ಲಾಭ ಹಂಚದೆ ಒಳಗೇ ಬೆಳೆಯುವಂತೆ) ಇಡುವುದು. ಟ್ರಸ್ಟಿಗೆ ಶೇರು ನೇರವಾಗಿ ಕೊಳ್ಳಲು ಅನುಮತಿ ಇಲ್ಲ, ಮ್ಯೂಚುವಲ್ ಫಂಡಿನ ಯೂನಿಟ್ಟುಗಳಿಗೆ ಇದೆ. ಯೂನಿಟ್ ಮಾರುವವರೆಗೆ ಅದರ ಏರಿಕೆ ಆದಾಯವಾಗಿ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಅದಕ್ಕೆ ಶೇ. 85ರ ಖರ್ಚಿನ ಒತ್ತಡವೂ ಇಲ್ಲ. ಪೇಟೆ ಬಿದ್ದ ವರ್ಷ ಗಾಬರಿಯಿಂದ ಮಾರದಂತೆ, ಹತ್ತು ವರ್ಷ ಮುಟ್ಟುವುದಿಲ್ಲ ಎಂದು ಠರಾವು ಮಾಡಿಡಿ.

ಉಳಿದ 75 ಲಕ್ಷವನ್ನು 15 ಲಕ್ಷದ ಐದು ಠೇವಣಿ ಮಾಡಿ, ಒಂದೊಂದು ವರ್ಷದ ಅಂತರದಲ್ಲಿ ಮುಗಿಯುವಂತೆ ಇಡಿ. ಬಡ್ಡಿ ದರ ಇಳಿದ ವರ್ಷ ಒಂದೇ ಭಾಗಕ್ಕೆ ಪೆಟ್ಟು, ಏರಿದ ವರ್ಷ ಒಂದು ಭಾಗಕ್ಕಾದರೂ ಲಾಭ. ಬ್ಯಾಂಕು ಬಡ್ಡಿ ಕೊಡುವಾಗಲೇ ಶೇ. 10 ತೆರಿಗೆ (ಟಿಡಿಎಸ್) ಹಿಡಿದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಿರಿ.

ಎಲ್ಲಿ ಇಡಬಾರದು ಎನ್ನುವುದು ಇಲ್ಲಿ ಇನ್ನೂ ಮುಖ್ಯ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಪತ್ತಿನ ಸೊಸೈಟಿಗಳು, ಸೌಹಾರ್ದ ಸಹಕಾರಿಗಳು ಓಣಿಗೊಂದು ಇವೆ, ಬ್ಯಾಂಕಿಗಿಂತ ಒಂದೆರಡು ರೂಪಾಯಿ ಹೆಚ್ಚು ಬಡ್ಡಿ ಕೊಡುತ್ತವೆ, ಅಧ್ಯಕ್ಷರು ಪರಿಚಯದವರೇ ಆಗಿರುತ್ತಾರೆ. ಅವು ಬ್ಯಾಂಕುಗಳಲ್ಲ. ಬ್ಯಾಂಕಿನ ಠೇವಣಿಗೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಇರುವ ವಿಮೆ ಅವುಗಳಿಗೆ ಇಲ್ಲ. ಮುಳುಗಿದರೆ ಪೂರ್ತಿ ಮುಳುಗಿತು. ಸಹಕಾರಿ ಬ್ಯಾಂಕಿನಲ್ಲಿ ಇಡುವುದಾದರೆ ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯೇ ನೋಡಿ, ಇದ್ದರೂ ವಿಮೆಯ ಮಿತಿಯೊಳಗೇ ಇಡಿ. ಮಕ್ಕಳ ದುಡ್ಡಿನಲ್ಲಿ ದಾಕ್ಷಿಣ್ಯ ಬೇಡ.

ಹಂಚುವಾಗ

ವಿದ್ಯಾರ್ಥಿವೇತನದಲ್ಲಿ ಮೊತ್ತಕ್ಕಿಂತ ತಿಂಗಳು ಮುಖ್ಯ. ಫಲಿತಾಂಶ ಮೇ ತಿಂಗಳ ಹೊತ್ತಿಗೆ ಬರುತ್ತದೆ, ಶುಲ್ಕ ಕಟ್ಟುವುದು ಜೂನ್, ಜುಲೈನಲ್ಲಿ. ಫೆಬ್ರುವರಿಯಲ್ಲಿ ಸಮಾರಂಭ ಮಾಡಿ ಚೆಕ್ಕು ಕೊಟ್ಟರೆ ಅಷ್ಟೊತ್ತಿಗೆ ಆ ಮನೆಯವರು ಬಡ್ಡಿ ಸಾಲ ತಂದು ಶುಲ್ಕ ಕಟ್ಟಿರುತ್ತಾರೆ, ನಿಮ್ಮ ಹಣ ಸಾಲ ಕೊಟ್ಟವನ ಮನೆಗೆ ಹೋಗುತ್ತದೆ. ಏಪ್ರಿಲಿನಲ್ಲೇ ಅರ್ಜಿ ಕರೆಯಿರಿ, ಜೂನ್ ಕೊನೆಯೊಳಗೆ ಮೊದಲ ಕಂತು ನೇರ ಕಾಲೇಜಿನ ಖಾತೆಗೆ ಹೋಗಲಿ. ಎರಡನೇ ಕಂತು ದೀಪಾವಳಿಯ ಸುಮಾರಿಗೆ ವಿದ್ಯಾರ್ಥಿಯ ಖಾತೆಗೆ. ವಿಜಯಪುರ, ಬಾಗಲಕೋಟೆಯ ತಾಂಡಾಗಳಿಂದ, ಒಣಬೇಸಾಯದ ಊರುಗಳಿಂದ ಕುಟುಂಬಗಳು ಗುಳೆ ಹೋಗುವುದು, ಕಬ್ಬು ಕಡಿಯುವ ಗ್ಯಾಂಗು ಹೊರಡುವುದು ಆ ಹೊತ್ತಿಗೇ. ಹಾಸ್ಟೆಲ್ಲಿಗೂ ಊಟಕ್ಕೂ ಆಗುವಷ್ಟು ದುಡ್ಡು ಆಗ ಕೈಗೆ ಬಂದರೆ ಹುಡುಗಿ ಅಪ್ಪ ಅವ್ವನ ಹಿಂದೆ ಹೊರಡದೆ ಓದಿಗೆ ಉಳಿಯುತ್ತಾಳೆ.

ಆಯ್ಕೆಗೆ ನೂರು ಅಂಕದ ಪಟ್ಟಿ ಮಾಡಿ: ಪರೀಕ್ಷೆಯ ಅಂಕಕ್ಕೆ 40, ಮನೆಯ ಸ್ಥಿತಿಗೆ 40, ಮನೆಯಲ್ಲಿ ಮೊದಲು ಓದುತ್ತಿರುವವರಿಗೆ 20. ನಾಡಕಚೇರಿಯ ಆದಾಯ ಪ್ರಮಾಣಪತ್ರ ಪಡೆಯಿರಿ, ಆದರೆ ಅದೊಂದನ್ನೇ ನಂಬಬೇಡಿ, ಇಬ್ಬರು ಮನೆಗೆ ಹೋಗಿ ನೋಡಿ ಬರಲಿ. ಶಿಫಾರಸು ಪತ್ರ ಬಂದರೆ ಕಡತದಲ್ಲಿಡಿ, ಅದಕ್ಕೆ ಅಂಕ ಕೊಡಬೇಡಿ. ಪಟ್ಟಿ ಪ್ರಕಟಿಸುವಾಗ ಮಕ್ಕಳ ಬಡತನದ ವಿವರ ಗೋಡೆಗೆ ಹಚ್ಚುವುದು ಬೇಡ, ಕ್ರಮಸಂಖ್ಯೆ ಸಾಕು.

ಕಟ್ಟಡ ಮತ್ತು ಯಂತ್ರ

ಹೆಸರು ಕಾಣುವುದು ಕಟ್ಟಡದ ಮೇಲೆ, ಆದ್ದರಿಂದ ದಾನಿಗಳಿಗೆ ಅದೇ ಇಷ್ಟ. ತಪ್ಪೇನಿಲ್ಲ. ಆದರೆ ಕಟ್ಟಡಕ್ಕೆ ನೂರು ರೂಪಾಯಿ ಕೊಟ್ಟರೆ ಅದನ್ನು ಕಾಪಾಡಲು ಇನ್ನೂ ಇಪ್ಪತ್ತು ರೂಪಾಯಿ ಠೇವಣಿ ಇಡಿ. ಸರ್ಕಾರಿ ಶಾಲೆಗೆ ಕೋಣೆ ಕಟ್ಟಿಸುವ ಮುನ್ನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಬೆಳಗಾವಿ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆ ಇವೆ; ಅಥಣಿ, ರಾಯಬಾಗ, ಗೋಕಾಕ ಕಡೆಯ ಶಾಲೆಯಾದರೆ ಮೇಲಿನ ಕಚೇರಿ ಚಿಕ್ಕೋಡಿಯಲ್ಲಿದೆ.

ಶುದ್ಧ ನೀರಿನ ಘಟಕ ಕೊಡುವವರು ಮೊದಲು ಬೋರಿನ ನೀರು ಪರೀಕ್ಷೆ ಮಾಡಿಸಲಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗೆ, ಫ್ಲೋರೈಡ್ 1 ಮಿಲಿಗ್ರಾಂ ಒಳಗೆ ಇರಬೇಕು; ಬೇರೆ ನೀರೇ ಇಲ್ಲದಲ್ಲಿ 2,000 ಮತ್ತು 1.5ರವರೆಗೆ ನಡೆಯುತ್ತದೆ. ಸವುಳು ನೀರಿನ ಊರಲ್ಲಿ ಘಟಕ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಕ್ಯಾಂಡಲ್ ಫಿಲ್ಟರ್ ಬದಲಿಸದೆ, ಸುಣ್ಣ ಕಟ್ಟದಂತೆ ಹಾಕುವ ರಾಸಾಯನಿಕ ತೀರಿದರೂ ಯಂತ್ರ ಓಡಿಸಿ, ಮೆಂಬ್ರೇನ್ (ನೀರು ಸೋಸುವ ಪೊರೆ) ಕಟ್ಟಿಹೋಗುವುದು. ಎರಡು ಮೂರು ವರ್ಷ ಬರಬೇಕಾದ ಮೆಂಬ್ರೇನ್ ಆರು ತಿಂಗಳಿಗೆ ಸಾಯುತ್ತದೆ. ನೀರಿನ ಕೊಡಕ್ಕೆ ಬರುವ ಹಣ ಯಾರು ಎಣಿಸುತ್ತಾರೆ, ಫಿಲ್ಟರ್ ಯಾರು ಬದಲಿಸುತ್ತಾರೆ, ಹೊರಬೀಳುವ ಉಪ್ಪು ನೀರು ಎಲ್ಲಿಗೆ ಹರಿಯುತ್ತದೆ, ಈ ಮೂರಕ್ಕೆ ಉತ್ತರ ಸಿಗದ ಊರಿನಲ್ಲಿ ಘಟಕ ಹಾಕಬೇಡಿ.

ಹೊರಗಿನ ಹಣ, ಕಂಪನಿಯ ಹಣ

ಅಮೆರಿಕದಲ್ಲಿರುವ ಊರಿನ ಹುಡುಗ ಭಾರತೀಯ ಪೌರನಾಗಿಯೇ ಉಳಿದು, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ವಿದೇಶಿ ದೇಣಿಗೆಯೇ, ಅದಕ್ಕೆ ಕೇಂದ್ರ ಗೃಹ ಸಚಿವಾಲಯದ ಅನುಮತಿಯಿಲ್ಲದೆ ಒಂದು ರೂಪಾಯಿಯನ್ನೂ ಖಾತೆಗೆ ಹಾಕಿಸಿಕೊಳ್ಳಬೇಡಿ. ಪಾಸ್‌ಪೋರ್ಟಿನ ಪ್ರತಿ ಪಡೆದು ಕಡತದಲ್ಲಿಡಿ.

ನಿಮ್ಮ ಕಂಪನಿಯ ನಿವ್ವಳ ಲಾಭ 5 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಮೌಲ್ಯ 500 ಕೋಟಿ ಮುಟ್ಟಿದ್ದರೆ ಮೂರು ವರ್ಷದ ಸರಾಸರಿ ಲಾಭದ ಶೇ. 2 ಸಾಮಾಜಿಕ ಕೆಲಸಕ್ಕೆ ಹೋಗಲೇಬೇಕು. ಅದನ್ನು ಸ್ವಂತ ಟ್ರಸ್ಟಿನ ಮೂಲಕ ಖರ್ಚು ಮಾಡಲು ಟ್ರಸ್ಟ್ ಸಿಎಸ್ಆರ್-1 ಎಂಬ ಅರ್ಜಿಯಲ್ಲಿ ನೋಂದಣಿ ಮಾಡಿಸಿರಬೇಕು. ಈ ಹಣದ ಕೀರ್ದಿ ಪ್ರತ್ಯೇಕ ಇರಲಿ, ಮೂಲಧನದೊಂದಿಗೆ ಬೆರೆಸಬೇಡಿ.

ಮೃತ್ಯುಪತ್ರ ಮತ್ತು ವರ್ಷದ ತಾರೀಖುಗಳು

ಉಳಿದ ಆಸ್ತಿಯಲ್ಲಿ ಒಂದು ಪಾಲು ಟ್ರಸ್ಟಿಗೆ ಸೇರಲಿ ಎಂದಿದ್ದರೆ ಮೃತ್ಯುಪತ್ರ ಬರೆಯಿರಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಅವರು ನಿಮಗಿಂತ ಚಿಕ್ಕ ವಯಸ್ಸಿನವರು, ಆಸ್ತಿಯಲ್ಲಿ ಪಾಲಿಲ್ಲದವರು ಆಗಿರಲಿ. ಜಾರಿ ಮಾಡುವವರ ಹೆಸರು ಬರೆಯಿರಿ. ಟ್ರಸ್ಟಿನ ಹೆಸರು, ನೋಂದಣಿ ಸಂಖ್ಯೆ ಡೀಡಿನಲ್ಲಿ ಇದ್ದಂತೆಯೇ ಅಕ್ಷರ ತಪ್ಪದೆ ಇರಲಿ.

ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನಗಳಿಗೆ ಗುರುತು ಹಾಕಿ. ಮಾರ್ಚ್ 31ರೊಳಗೆ ಶೇ. 85 ಖರ್ಚಾಗಿದೆಯೇ ನೋಡುವುದು. ಮೇ 31ರೊಳಗೆ ದಾನಿಗಳ ಪಟ್ಟಿ ಇಲಾಖೆಗೆ ಸಲ್ಲಿಸಿ, ಅವರಿಗೆ ಪ್ರಮಾಣಪತ್ರ ಕೊಡುವುದು. ಇದು ತಪ್ಪಿದರೆ ದಾನಿಗೆ ರಿಯಾಯಿತಿ ಸಿಗುವುದಿಲ್ಲ, ದಿನಕ್ಕೆ 200 ರೂಪಾಯಿ ಶುಲ್ಕವೂ ಬೀಳುತ್ತದೆ. ಸೆಪ್ಟೆಂಬರ್ 30ಕ್ಕೆ ಆಡಿಟ್ ವರದಿ, ಅಕ್ಟೋಬರ್ 31ಕ್ಕೆ ರಿಟರ್ನ್. ಟ್ರಸ್ಟಿಯೊಬ್ಬರು ತೀರಿಕೊಂಡರೆ ತಿಂಗಳೊಳಗೆ ಸಭೆ ಕರೆದು ಠರಾವು ಬರೆದು, ಮರಣ ಪ್ರಮಾಣಪತ್ರದೊಂದಿಗೆ ಬ್ಯಾಂಕಿನಲ್ಲಿ ಸಹಿ ಬದಲಿಸಿ. ತಡ ಮಾಡಿದರೆ ಖಾತೆ ನಿಲ್ಲುತ್ತದೆ, ಅದು ಜೂನ್ ತಿಂಗಳಲ್ಲೇ ನಿಂತರೆ ಶುಲ್ಕಕ್ಕೆ ಕಾಯುತ್ತಿರುವ ಆ 22 ಮಕ್ಕಳ ಪ್ರವೇಶ ತಪ್ಪುತ್ತದೆ.